ಚಟ್ನಿ ಬಕೆಟ್ ಇಲ್ಲದ ಆದಿತ್ಯವಾರ

ಕುಶಲನಿಗೆ ಸಿಟ್ಟೇ ಬರುವುದಿಲ್ಲ ಎಂದು ಕೋಪರಿ ಬಡಾವಣೆಯವರೆಲ್ಲ ನಂಬಿಕೊಂಡಿದ್ದರು. ಠಾಣೆ ಸ್ಟೇಷನ್ನಿನ ಪೂರ್ವಕ್ಕೆ, ರಿಕ್ಷಾ ಸಾಲಿನ ಹಿಂದೆ ಅವನ ಸಣ್ಣ ಶಾಕಾಹಾರಿ ಹೋಟೆಲು. ಸಾಂಬಾರು ತಣ್ಣಗಿದೆ ಎಂದು ಯಾರಾದರೂ ಕೂಗಾಡಿದರೆ ಗಲ್ಲಾದಿಂದ ತಾನೇ ಎದ್ದು ಬಂದು, ಬಿಸಿ ಬಟ್ಟಲು ತಂದಿಟ್ಟು ನಗುವ ಆಸಾಮಿ. ಅದು ಧಂದೆಯ ನಗು. ಗಿರಾಕಿಯ ಮುಂದೆ ನಗದೆ ಹೋಟೆಲು ನಡೆಸಿದವರು ಉಡುಪಿ ಕಡೆಯವರಲ್ಲಿ ಯಾರಿದ್ದಾರೆ? ಆದರೆ ಒಳಗೆ ಸಿಟ್ಟಿತ್ತು. ಬೇಕಾದಷ್ಟಿತ್ತು. ಅದು ಗಿರಾಕಿಗಳ ಮೇಲಿನದಲ್ಲ, ಗೆಳೆಯರ ಮೇಲಿನದು.

ಗೆಳೆಯರೆಂದರೆ ರಾತ್ರಿ ಶಾಲೆಯ ಗೆಳೆಯರು. ಹಗಲು ಹೋಟೆಲಿನಲ್ಲೋ ಗೋದಾಮಿನಲ್ಲೋ ದುಡಿದು, ಸಂಜೆ ಮುಖ ತೊಳೆದುಕೊಂಡು ಬಂದು, ಒಂದೇ ಬೆಂಚಿನಲ್ಲಿ ತೂಕಡಿಸುತ್ತ ಕಲಿತವರು. ಆ ಬೆಂಚಿನಿಂದೆದ್ದು ವಸಂತಕುಮಾರ ಬ್ಯಾಂಕಿಗೆ ಸೇರಿದ, ಡೊಂಬಿವಲಿಯಲ್ಲಿ ಫ್ಲ್ಯಾಟು ಮಾಡಿದ. ಧಾರವಾಡ ಕಡೆಯ ಗುರುನಾಥ ರಬಾಳೆಯ ಕಾರ್ಖಾನೆಯೊಂದರಲ್ಲಿ ಸೂಪರ್‌ವೈಸರ್ ಆದ. ಇನ್ನು ನಾಲ್ಕಾರು ಮಂದಿ ಆಫೀಸುಗಳನ್ನು ಹಿಡಿದರು. ಕುಶಲ ಹೋಟೆಲಿನಲ್ಲೇ ಉಳಿದ. ಮೇಜು ಒರೆಸುತ್ತಿದ್ದವ ಮಾಲಕನಾದ, ಅಷ್ಟೇ ವ್ಯತ್ಯಾಸ.

ಪ್ರತಿ ವರ್ಷ ಮೇ ತಿಂಗಳ ಕೊನೆಯ ಆದಿತ್ಯವಾರ, ಮಳೆ ಹಿಡಿಯುವ ಮೊದಲು, ಇವರೆಲ್ಲ ಹೆಂಡತಿ ಮಕ್ಕಳನ್ನು ಕಟ್ಟಿಕೊಂಡು ಕಲ್ಯಾಣ ದಾಟಿ, ಬದಲಾಪುರದ ಆಚೆ ಉಲ್ಹಾಸ ಹೊಳೆಯ ದಂಡೆಗೆ ಹೋಗುವುದು ರೂಢಿ. ಅಲ್ಲಿ ಒಂದು ದೊಡ್ಡ ನೇರಳೆ ಮರವಿದೆ. ಮರದ ಕೆಳಗೆ ನೆರಳು, ಎದುರಿಗೆ ಎದೆಯುದ್ದದ ನೀರು, ದಾರಿಯಲ್ಲಿ ಎಲೆಯ ಪೊಟ್ಟಣದಲ್ಲಿ ಕರಂಡೆ ಹಣ್ಣು ಮಾರುವ ಹೆಂಗಸರು. ಬೇಸಗೆಯಲ್ಲಿ ಬೆಂದ ಮನುಷ್ಯನಿಗೆ ಇನ್ನೇನು ಬೇಕು?

ತಿಂಡಿ ಬೇಕು. ಅದನ್ನು ತರುವವನು ಕುಶಲ. ಹಾಗೆಂದು ಯಾರೂ ಯಾವತ್ತೂ ನಿರ್ಣಯ ಮಾಡಿದ್ದಲ್ಲ. ಮೊದಲ ವರ್ಷ ಅವನೇ ಉತ್ಸಾಹದಲ್ಲಿ ಒಂದು ಡಬ್ಬಿ ಇಡ್ಲಿ ಒಯ್ದಿದ್ದ. ಎರಡನೆಯ ವರ್ಷ 'ಕುಶಲ ಇದ್ದಾನಲ್ಲ' ಎಂದರು. ಆಮೇಲೆ ಯಾರೂ ಏನೂ ಹೇಳಬೇಕಾಗಿಯೇ ಬರಲಿಲ್ಲ. ಇಡ್ಲಿ, ವಡೆ, ಶಿರಾ, ಕ್ಯಾನಿನಲ್ಲಿ ಸಾಂಬಾರು, ಬಕೆಟ್ಟಿನಲ್ಲಿ ಚಟ್ನಿ, ಮಧ್ಯಾಹ್ನಕ್ಕೆ ಅಲ್ಲೇ ಬಿಸಿಬಿಸಿ ಗೋಳಿಬಜೆ ಕರಿಯಲು ಒಲೆ, ಬಾಣಲೆ. ಟೆಂಪೋ ತುಂಬ ಸಾಮಾನು. ಉಳಿದವರು ಬರ್ಮುಡಾ ಹಾಕಿಕೊಂಡು ನೀರಿಗೆ ಬೀಳುತ್ತಿದ್ದರು. ಕುಶಲ ಒಲೆಯ ಮುಂದೆ ಬೆವರು ಸುರಿಸುತ್ತಿದ್ದ. ನೀರಿನಿಂದ ವಸಂತಕುಮಾರನ ಕೂಗು ಬರುತ್ತಿತ್ತು: "ಕುಶಲಾ, ಚಟ್ನೀ!" ಇವನು ಪ್ಯಾಂಟು ಮಡಚಿ, ಬಕೆಟ್ ಹಿಡಿದು, ಮೊಣಕಾಲು ನೀರಿನಲ್ಲಿ ನಿಂತು ಬಡಿಸುತ್ತಿದ್ದ. ಎಲ್ಲ ಮುಗಿಸಿ ಅಂಗಿ ಬಿಚ್ಚುವ ಹೊತ್ತಿಗೆ ಅವರು ತಲೆ ಒರೆಸಿಕೊಳ್ಳುತ್ತ, "ಹೊರಡುವಾ, ಇನ್ನು ಶಿಳ್ಫಾಟಾದಲ್ಲಿ ಟ್ರಾಫಿಕ್ ಆಗ್ತದೆ" ಎನ್ನುತ್ತಿದ್ದರು. ಇವನು ಅಂಗಿಯ ಗುಂಡಿ ಮತ್ತೆ ಹಾಕಿಕೊಳ್ಳುತ್ತಿದ್ದ. ಆ ಧಂದೆಯ ನಗು ಅಲ್ಲಿಯೂ ಕೆಲಸಕ್ಕೆ ಬರುತ್ತಿತ್ತು.

ಇಷ್ಟನ್ನೆಲ್ಲ ಅವನು ನುಂಗಿಕೊಂಡಿದ್ದ. ಸ್ನೇಹದಲ್ಲಿ ಇಷ್ಟೂ ಲೆಕ್ಕ ಇಡುವುದೇ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡಿದ್ದ. ಆದರೆ ಈ ವರ್ಷ ಮೇ ಶುರುವಿನಲ್ಲಿ ಗುರುನಾಥ ಹೋಟೆಲಿಗೆ ಬಂದ. ಮುಖ ಕರ್ರಗೆ ಸುಟ್ಟಿತ್ತು. ಚಹಾ ಹೀರುತ್ತ, "ಅಲೀಬಾಗದ ಬಿಸಿಲಪಾ, ಮಾರಿ ತೊಗಲು ಕಿತ್ತು ಬರಾಕ ಹತ್ಯದ" ಎಂದ.

"ಅಲೀಬಾಗಕ್ಕೆ ಯಾವಾಗ ಹೋಗಿದ್ದೆ? ಯಾರೆಲ್ಲ?" ಎಂದು ಕುಶಲ ಕೇಳಿದ.

"ಎಲ್ಲಾರೂ ಹೋಗಿದ್ವಿ. ವಸಂತನ ಏರ್ಪಾಡು. ಶನಿವಾರ, ರವಿವಾರ ಎರಡೂ..." ಅಷ್ಟರಲ್ಲಿ ಗುರುನಾಥನಿಗೆ ತಾನು ಏನು ಹೇಳುತ್ತಿದ್ದೇನೆ ಎಂಬುದು ಹೊಳೆಯಿತು. ಕಪ್ಪು ಕೆಳಗಿಟ್ಟ. ಸಾವರಿಸಿಕೊಳ್ಳಲು ಹೋಗಿ ಇನ್ನೂ ಕೆಡಿಸಿದ. "ನಿನಗ ಹೇಳಬೇಕು ಅಂತಿದ್ವಿ. ಆದ್ರ ಅಲ್ಲಿ ಊಟ ಅವರದ ಇತ್ತಪಾ. ರೆಸಾರ್ಟಿನವ್ರು ಎಲ್ಲಾ ಸೇರಿಸೇ ಕೊಟ್ಟಿದ್ರು."

ಊಟ ಅವರದೇ ಇತ್ತು! ಕುಶಲನ ಪಿತ್ತ ನೆತ್ತಿಗೇರಿತು. ಮುಖದ ಮೇಲೆ ನಗು ಹಾಗೇ ಇತ್ತು, ಕೈ ಗಲ್ಲಾದಲ್ಲಿ ಚಿಲ್ಲರೆ ಎಣಿಸುತ್ತಲೇ ಇತ್ತು. ಆದರೆ ಗುರುನಾಥ ಎದ್ದು ಹೋದ ಮೇಲೆ ಅವನು ಒಳಗೆ ಅಡಿಗೆಯ ಭಟ್ಟಿಯ ಹತ್ತಿರ ಹೋಗಿ ಖಾಲಿ ಚಟ್ನಿ ಬಕೆಟ್ಟನ್ನು ಕಾಲಿನಿಂದ ಒದ್ದ. ಅದು ಉರುಳಿ ಹೋಗಿ ಮೋರಿಗೆ ಬಿತ್ತು. ಬೇರೆ ಕಡೆ ಹೊಟ್ಟೆಗೆ ಸಿಕ್ಕುವುದಾದರೆ ಕುಶಲ ಬೇಡ. ಕುಶಲನನ್ನು ಯಾರೂ ಕರೆದದ್ದೇ ಅಲ್ಲ ಹಾಗಾದರೆ, ಇಷ್ಟು ವರ್ಷ ಕರೆದದ್ದು ಅವನ ಇಡ್ಲಿಯನ್ನು. ನಾಚಿಕೆಗೆಟ್ಟವರು!

ಅವತ್ತೇ ಗೆಳೆಯರ ಗ್ರೂಪಿನಲ್ಲಿ ಬರೆದ: 'ಈ ಸಲ ಹೊಳೆಗೆ ನಾನು ಬರುತ್ತೇನೆ. ಏನೂ ತರುವುದಿಲ್ಲ.' ಕೂಡಲೇ ನಗುವ ಮುಖಗಳು ಸಾಲಾಗಿ ಬಂದು ಬಿದ್ದವು. ವಸಂತಕುಮಾರ, 'ಆಯ್ತು, ಹಾಗಾದರೆ ವಡೆ ಸ್ವಲ್ಪ ಜಾಸ್ತಿ ಇರಲಿ' ಎಂದು ಬರೆದ. ಕುಶಲ ಫೋನನ್ನು ಮಂಚದ ಮೇಲೆ ಎಸೆದ.

ಮಗಳು ಮಾನಸಿ ಅದನ್ನೆತ್ತಿ ಓದಿ, "ಪಪ್ಪಾ, ಸಚ್ಚೀ? ಕುಛ್ ಭೀ ನಹೀ?" ಎಂದು, ನಿಜವಾಗಿ ಏನೂ ಇಲ್ಲವೇ ಎಂದು ಕಣ್ಣರಳಿಸಿದಳು. ಹೆಂಡತಿ ಪ್ರಫುಲ್ಲಾ ಅಡಿಗೆಮನೆಯ ಬಾಗಿಲಿಗೆ ಬಂದು ನಿಂತಳು.

"ಖಂಡಿತವಾ?" ಎಂದಳು.

"ಖಂಡಿತ. ಒಂದು ಇಡ್ಲಿ ಕೂಡ ಹೋಗ್ಲಿಕ್ಕಿಲ್ಲ."

"ಚಟ್ನಿ?"

"ಚಟ್ನಿಯೂ ಇಲ್ಲ."

"ಪಾತ್ರೆ?"

"ತಿಂಡಿಯೇ ಇಲ್ಲದ ಮೇಲೆ ಪಾತ್ರೆ ಎಂತಕ್ಕೆ? ತಲೆ ಸರಿ ಉಂಟಾ ನಿನಗೆ?"

ಮರುದಿನ ಪ್ರಫುಲ್ಲಾ ಸ್ಟೇಷನ್ ರಸ್ತೆಗೆ ಹೋಗಿ ನೀಲಿ ಬಣ್ಣದ ರಬ್ಬರ್ ಚಪ್ಪಲಿ ಕೊಂಡು ತಂದಳು, ಹಿಂದೆ ಪಟ್ಟಿ ಇರುವಂಥದ್ದು, ನೀರಿನಲ್ಲಿ ಜಾರುವುದಿಲ್ಲವಂತೆ. ತಾನಿಲ್ಲಿ ಕೊತಕೊತ ಕುದಿಯುತ್ತಿರುವಾಗ ಇವಳಿಗೆ ಚಪ್ಪಲಿಯ ಚಿಂತೆ ಎಂದು ಕುಶಲ ಅದಕ್ಕೂ ಗೊಣಗಿದ.

ಆದಿತ್ಯವಾರ ಬಂತು. ಹೋಟೆಲನ್ನು ಅಳಿಯ ಸಂದೇಶನಿಗೆ, ಅಂದರೆ ಅಕ್ಕನ ಮಗನಿಗೆ ಒಪ್ಪಿಸಿ, ಕುಶಲ ಕಾರಿನಲ್ಲಿ ಹೆಂಡತಿ ಮಗಳನ್ನು ಕೂರಿಸಿಕೊಂಡು ಹೊರಟ. ಡಿಕ್ಕಿಯಲ್ಲಿ ಇದ್ದದ್ದು ಟವೆಲುಗಳು, ಬದಲಿ ಬಟ್ಟೆ. ಬೆಳಿಗ್ಗೆ ಮೂವರೂ ಮನೆಯಲ್ಲೇ ಅವಲಕ್ಕಿ ತಿಂದಿದ್ದರು. ದಾರಿಯುದ್ದಕ್ಕೂ ಅವನು ಹೇಳಬೇಕಾದ ಮಾತುಗಳನ್ನು ಒಳಗೊಳಗೇ ಹರಿತ ಮಾಡಿಕೊಂಡ.

ನೇರಳೆ ಮರದ ಕೆಳಗೆ ಎಲ್ಲರೂ ಜಮಖಾನೆ ಹಾಸಿಕೊಂಡು ಕಾಯುತ್ತಿದ್ದರು. ವಸಂತಕುಮಾರ ಇಸ್ತ್ರಿ ಮಾಡಿದ ಬಿಳಿ ಪ್ಯಾಂಟು ತೊಟ್ಟು ಸೀದಾ ಬಂದು ಕಾರಿನ ಡಿಕ್ಕಿ ತೆಗೆದ. ಆಮೇಲೆ ರಸ್ತೆಯ ಕಡೆ ಇಣುಕಿದ.

"ಟೆಂಪೋ ಹಿಂದೆ ಬರ್ತಾ ಉಂಟಾ?"

"ಯಾವ ಟೆಂಪೋ?"

"ತಿಂಡಿಯದ್ದು ಮಾರಾಯ!"

"ತರುವುದಿಲ್ಲ ಅಂತ ಬರೆದಿದ್ದೆನಲ್ಲ."

"ಅದು ತಮಾಷೆ ಅಲ್ವಾ?"

"ಅಲ್ಲ" ಎಂದ ಕುಶಲ.

ಜಮಖಾನೆಯ ಮೇಲೆ ಯಾರದೋ ಮಗು ಹಸಿವು ಎಂದು ರಾಗ ತೆಗೆಯಿತು. ವಸಂತಕುಮಾರನ ಹೆಂಡತಿ ಪದ್ಮಾವತಿ ಚೀಲದಲ್ಲಿ ತಡಕಾಡಿ ಒಂದು ಬಿಸ್ಕತ್ತಿನ ಪೊಟ್ಟಣ ಹುಡುಕಿದಳು. "ಹೊಟ್ಯಾಗ ಇಲಿ ಓಡ್ಯಾಡಾಕ ಹತ್ಯಾವಲ್ಲೋ ಕುಶಲಾ" ಎಂದು ಗುರುನಾಥ ನಗಿಸಲು ನೋಡಿದ. ಯಾರೂ ನಗಲಿಲ್ಲ. ವಸಂತಕುಮಾರನ ಮುಖ ಕೆಂಪಾಯಿತು.

"ನಿನ್ನನ್ನು ನಂಬಿ ಇಷ್ಟು ಮಂದಿ ಖಾಲಿ ಹೊಟ್ಟೆಯಲ್ಲಿ ಬಂದಿದ್ದಾರೆ. ಕೈ ಬೀಸಿಕೊಂಡು ಬರುವುದಾದ್ರೆ ನೀನು ಬಂದದ್ದಾದ್ರೂ ಎಂತಕ್ಕೆ?"

ದಾರಿಯಲ್ಲಿ ಹರಿತ ಮಾಡಿಕೊಂಡಿದ್ದ ಮಾತುಗಳೆಲ್ಲ ಮರೆತುಹೋದವು. ಬಾಯಿಗೆ ಬಂದದ್ದು ಹೊರಬಿತ್ತು. "ನೀನು ಎಂತಕ್ಕೆ ಬಂದೆಯೋ ಅದಕ್ಕೇ! ಈಜ್ಲಿಕ್ಕೆ! ನನಗೂ ಈಜ್ಲಿಕ್ಕೆ ಬರ್ತದೆ, ಸುವರ್ಣಾ ಹೊಳೆಯ ಬದಿಯಲ್ಲಿ ಹುಟ್ಟಿದವ ನಾನು. ನಿಮಗೆ ಯಾರಿಗಾದ್ರೂ ಗೊತ್ತುಂಟಾ ಅದು? ಇಷ್ಟು ವರ್ಷದಲ್ಲಿ 'ಕುಶಲಾ, ನೀರಿಗೆ ಬಾ' ಅಂತ ಒಬ್ಬ ಕರೆದದ್ದುಂಟಾ? ಚಟ್ನಿ ತಾ ಅಂತ ಕರೆದಿರಿ. ಅಲೀಬಾಗದಲ್ಲಿ ಊಟ ಅವರದೇ ಇತ್ತಂತಲ್ಲ? ಅಲ್ಲಿಗೆ ಕುಶಲ ಬೇಡ. ನಾನು ನಿಮ್ಮ ದೋಸ್ತಿಯಾ, ಪಾರ್ಸೆಲಾ?"

'ಹಾಗಲ್ಲ ಕುಶಲಾ' ಎಂದು ಒಬ್ಬ ಹೇಳಿದ್ದರೂ ಸಾಕಿತ್ತು. ಅವನು ಅದಕ್ಕೇ ಕಾದ, ನಿಜ ಹೇಳಬೇಕೆಂದರೆ. ಗುರುನಾಥ ಮರಳು ಕೆದಕುತ್ತ ಕೂತ. ವಸಂತಕುಮಾರ ಬೇರೆ ಕಡೆ ನೋಡಿದ. ಉಳಿದವರು ನಾಚಿಕೆಯಿಂದ ಸುಮ್ಮನಿದ್ದರೋ ಹಸಿವಿನಿಂದಲೋ ತಿಳಿಯಲಿಲ್ಲ. ಇಷ್ಟೇ ತಾನೇ, ಮುಗಿಯಿತು.

"ಪ್ರಫುಲ್ಲಾ, ಹೊರಡು! ಮಾನಸೀ, ಕಾರು ಹತ್ತು!" ಎಂದು ಕಿರುಚಿದ.

ತಿರುಗಿ ನೋಡಿದರೆ ಪ್ರಫುಲ್ಲಾ ಹೊಳೆಯಲ್ಲಿದ್ದಳು. ಸೊಂಟದವರೆಗೆ ನೀರು. ಚೂಡಿದಾರದ ದುಪ್ಪಟ್ಟಾವನ್ನು ಮರದ ಬೇರಿನ ಮೇಲೆ ಬಿಟ್ಟು, ನೀಲಿ ಚಪ್ಪಲಿ ಹಾಕಿಕೊಂಡು, ಈ ಕೂಗಾಟದ ನಡುವೆಯೇ ಇಳಿದುಬಿಟ್ಟಿದ್ದಳು. ಪಕ್ಕದಲ್ಲಿ ಮಾನಸಿ ನೀರು ಬಡಿಯುತ್ತಿದ್ದಳು.

"ನೀವು ಹೋಗುವುದಾದ್ರೆ ಹೋಗಿ. ನಾವು ಟ್ರೇನಿನಲ್ಲಿ ಬರ್ತೇವೆ" ಎಂದಳು ಪ್ರಫುಲ್ಲಾ.

ಕುಶಲ ದಂಡೆಯವರೆಗೆ ಧಾವಿಸಿದ. "ಅವ ನನ್ನ ಮುಖಕ್ಕೆ ಹೊಡೆದ ಹಾಗೆ ಹೇಳಿದ್ದು ಕೇಳ್ಲಿಲ್ವಾ ನಿನಗೆ?"

"ಕೇಳಿದೆ. ನೀವು ಹೇಳಿದ್ದೂ ಕೇಳಿದೆ. ಎಲ್ಲ ಸರಿಯೇ." ಅವಳ ದನಿ ಏರಿತು. ಅವಳು ಹೀಗೆ ಎಲ್ಲರೆದುರು ದನಿ ಏರಿಸಿದ್ದನ್ನು ಅವನು ಕಂಡಿರಲಿಲ್ಲ. "ಆ ಕಲ್ಲು ಕಾಣ್ತದಲ್ಲ, ಅಲ್ಲಿ ಕೆಳಗೆ? ಪ್ರತಿ ವರ್ಷ ನಾನು ಈ ಹೊಳೆಯಲ್ಲಿ ನೋಡಿದ್ದು ಅದೊಂದೇ. ನಿಮ್ಮ ಇಡ್ಲಿ ಡಬ್ಬಿ, ನಿಮ್ಮ ಬಾಣಲೆ, ನಿಮ್ಮ ಚಟ್ನಿ ಬಕೆಟ್ ತಿಕ್ಕುವ ಕಲ್ಲು. ಅವರು ನಿಮ್ಮನ್ನು ಬಡಿಸುವವ ಮಾಡಿದ್ರು, ಒಪ್ಪಿದೆ. ನನ್ನನ್ನು ಅಲ್ಲಿ ಕೂರಿಸಿದ್ದು ಯಾರು? ಅವರಾ? 'ಪ್ರಫುಲ್ಲಾ, ನೀರಿಗೆ ಬಾ' ಅಂತ ನೀವು ಎಷ್ಟು ಸಲ ಕರೆದಿದ್ದೀರಿ? ಇವತ್ತು ಪಾತ್ರೆ ಇಲ್ಲ ಅಂತ ನೀವೇ ಹೇಳಿದ್ದು. ಈಗ ನಿಮ್ಮ ಸಿಟ್ಟಿಗೆ ನನ್ನ ಆದಿತ್ಯವಾರ ಹಾಳು ಮಾಡ್ಬೇಡಿ."

ಜಮಖಾನೆಯವರು ಕೇಳಿಸದವರಂತೆ ಕೂತಿದ್ದರು. ಕುಶಲನಿಗೆ ಯಾರ ಮೇಲೆ ಹರಿಹಾಯಬೇಕೆಂದು ತಿಳಿಯಲಿಲ್ಲ. ಸಿಟ್ಟು ಹಾಗೇ ಇತ್ತು, ಅದಕ್ಕೆ ದಿಕ್ಕು ಮಾತ್ರ ತಪ್ಪಿತ್ತು. ಅವಳು ಹೇಳಿದ ಕಲ್ಲನ್ನು ನೋಡಿದ. ಸಪಾಟಾದ, ಕರಿ ಬಣ್ಣದ ಕಲ್ಲು. ಒಲೆಯ ಮುಂದಿನಿಂದ ಅದು ಕಾಣುತ್ತಿತ್ತು, ಅವಳ ಬೆನ್ನೂ ಕಾಣುತ್ತಿತ್ತು. ಕಂಡರೂ ನೋಡಿರಲಿಲ್ಲ. ಕಾರಿನ ಕೀಲಿಯನ್ನು ಮರಳಿನ ಮೇಲೆ ಬಿಸಾಡಿ, ಅಂಗಿಯನ್ನು ಎಷ್ಟು ಜೋರಾಗಿ ಎಳೆದನೆಂದರೆ ಒಂದು ಗುಂಡಿ ಹಾರಿಹೋಯಿತು. ದಡಬಡ ನೀರಿಗೆ ಇಳಿದು, ಮುಳುಗಿ, ಆಚೆ ದಡದವರೆಗೆ ಈಜಿ ವಾಪಸು ಬಂದು ಹೆಂಡತಿಯ ಪಕ್ಕ ನಿಂತ. ಏದುಸಿರು ಬರುತ್ತಿತ್ತು.

"ಚೆನ್ನಾಗಿ ಈಜ್ತೀರಿ. ನನಗೂ ಗೊತ್ತಿರ್ಲಿಲ್ಲ" ಎಂದಳು ಪ್ರಫುಲ್ಲಾ.

ಅರ್ಧ ಗಂಟೆ ಕಳೆಯುವಷ್ಟರಲ್ಲಿ, ದಂಡೆಯ ಹಸಿವು ತಡೆಯಲಾಗದೆ ವಸಂತಕುಮಾರನೂ ಗುರುನಾಥನೂ ತಮ್ಮ ಕಾರು ಹತ್ತಿ ರಸ್ತೆಗೆ ಹೋಗಿ, ಬಟಾಟೆ ವಡೆ ಕಟ್ಟಿಸಿಕೊಂಡು ಬಂದಿದ್ದರು. ಯಾರೋ ಕಾಗದದ ತಟ್ಟೆಯಲ್ಲಿ ನಾಲ್ಕು ವಡೆ ಹಾಕಿ ಮಾನಸಿಯ ಕೈಯಲ್ಲಿ ಕೊಟ್ಟರು. ಅವಳು ಅದನ್ನು ತಲೆಯ ಮೇಲೆತ್ತಿ ನೀರಿನಲ್ಲೇ ತಂದಳು. ಕುಶಲ ಒಂದು ಕಚ್ಚಿದ. ವಡೆ ತಣ್ಣಗಾಗಿತ್ತು, ಎಣ್ಣೆ ಜಿನುಗುತ್ತಿತ್ತು, ಬಟಾಟೆ ಸರಿಯಾಗಿ ಬೆಂದಿರಲಿಲ್ಲ. ಇಂಥದ್ದನ್ನು ಗಿರಾಕಿಗೆ ಕೊಡುತ್ತಾರಲ್ಲ, ಇವರಿಗೆ ಹೇಳುವವರು ಕೇಳುವವರು ಇಲ್ಲವೇ ಎಂದು ಇನ್ನೊಂದು ಸುತ್ತು ಸಿಟ್ಟು ಬಂತು. ಒಣ ವಡೆ ಗಂಟಲಿನಲ್ಲಿ ಇಳಿಯಲಿಲ್ಲ. ಅವನು ದಂಡೆಯ ಕಡೆ ತಿರುಗಿ, ಹೊಟ್ಟೆಯಾಳದಿಂದ ಕೂಗಿದ:

"ವಸಂತಾ, ಚಟ್ನೀ!"

ಮರದ ಕೆಳಗೆ ಎಲ್ಲರೂ ತಲೆಯೆತ್ತಿದರು. ಪದ್ಮಾವತಿ ಅಭ್ಯಾಸಬಲದಿಂದ ಎದ್ದು, ಚಟ್ನಿಯ ಪ್ಲಾಸ್ಟಿಕ್ ಪೊಟ್ಟಣ ಹಿಡಿದು, ಸೀರೆಯ ನೆರಿಗೆ ಎತ್ತಿ ಸಿಕ್ಕಿಸಿಕೊಳ್ಳತೊಡಗಿದಳು.

"ನೀವು ಕೂತ್ಕೊಳ್ಳಿ ಪದ್ಮಾವತಿ" ಎಂದಳು ಪ್ರಫುಲ್ಲಾ ನೀರಿನಿಂದ. "ಕರೆದದ್ದು ನಿಮ್ಮನ್ನಲ್ಲ."

ಪದ್ಮಾವತಿ ಗಂಡನ ಮುಖ ನೋಡಿದಳು. ಪೊಟ್ಟಣವನ್ನು ಅವನ ತೊಡೆಯ ಮೇಲಿಟ್ಟು ಕೂತುಬಿಟ್ಟಳು. ವಸಂತಕುಮಾರ ಪೊಟ್ಟಣ ನೋಡಿದ, ತನ್ನ ಬಿಳಿ ಪ್ಯಾಂಟು ನೋಡಿದ, ಗುರುನಾಥನನ್ನು ನೋಡಿದ. ಗುರುನಾಥ, "ಹೋಗೋ ಮಾರಾಯಾ, ಅಂವ ಕಾಯಾಕ ಹತ್ಯಾನ" ಎಂದ.

ವಸಂತಕುಮಾರ ಬೂಟು ಕಳಚಿ, ಪ್ಯಾಂಟು ಮಡಚಿದ. ಅದು ಮೊಣಕಾಲಿಗಿಂತ ಮೇಲೆ ಏರಲಿಲ್ಲ. ಒಂದೊಂದೇ ಹೆಜ್ಜೆ ಇಡುತ್ತ, ಕಲ್ಲು ಚುಚ್ಚಿದಾಗ ಮುಖ ಕಿವಿಚುತ್ತ, ಸೊಂಟದವರೆಗೆ ತೊಯ್ದು ಅವರ ಮುಂದೆ ಬಂದು ನಿಂತ. ಕುಶಲ ಸಹಾಯಕ್ಕೆ ಕೈ ಚಾಚಲಿಲ್ಲ. ನಗಲೂ ಇಲ್ಲ. ತಟ್ಟೆ ಮುಂದೆ ಹಿಡಿದ. ವಸಂತಕುಮಾರ ಪೊಟ್ಟಣದ ಮೂಲೆಯನ್ನು ಹಲ್ಲಿನಲ್ಲಿ ಹರಿದು, ಅವನ ವಡೆಯ ಮೇಲೆ ಹಿಂಡಲು ಬಾಗಿದ.

"ನನಗಲ್ಲ" ಎಂದ ಕುಶಲ, ತಟ್ಟೆಯನ್ನು ಪಕ್ಕಕ್ಕೆ ಸರಿಸಿ. "ಮೊದಲು ಪ್ರಫುಲ್ಲಾಗೆ ಹಾಕು."