ಹೆಡ್‌ಲೈಟ್ ಕೆಡಿಸಿದವರು

ಆ ಹಳೆಯ ಕಾರಿನ ಮೇಲೆ ನನಗೆ ಈಗಲೂ ಸಿಟ್ಟಿದೆ. ಕಾರಿನ ಮೇಲೆ ಎಂದು ಬರೆದುಕೊಳ್ಳುವುದು ಸುಲಭ.

ಕಾಪುವಿನಲ್ಲಿರುವ ಅಕ್ಕ ಕಾರ್ಕಳದ ಶಾಲೆಯೊಂದರಲ್ಲಿ ಟೀಚರ್. ಬಸ್ಸು ಹತ್ತಿ ಇಳಿದು ಅವಳ ಮಂಡಿನೋವು ಜೋರಾದಾಗ, ವಾರವಿಡೀ ನನ್ನ ಕಾರು ಅವಳಿಗೆ, ಭಾನುವಾರ ಮಾತ್ರ ನನಗೆ ಎಂದಾಯಿತು. ಎರಡನೇ ವಾರ, ಮಳೆಯ ಸಂಜೆ, ಅವಳು ಶಾಲೆಯಿಂದ ಮರಳುವಾಗ ಬೆಳ್ಮಣ್ ಹತ್ತಿರದ ತಿರುವಿನಲ್ಲಿ ಹೆಡ್‌ಲೈಟೂ ಡ್ಯಾಶ್‌ಬೋರ್ಡಿನ ದೀಪಗಳೂ ಒಟ್ಟಿಗೇ ಆರಿದವು. ಎದುರು ಬಂದ ಬಸ್ಸು ಕೂದಲೆಳೆಯಲ್ಲಿ ತಪ್ಪಿತು.

ಫೋನಿನಲ್ಲಿ ನಾನು ಕೇಳಿದ್ದು, "ಎಂತ ಒತ್ತಿದೆ ನೀನು?" ಪೆಟ್ಟಾಯಿತಾ ಎಂದೂ ಕೇಳಿದ ನೆನಪಿದೆ, ಅದನ್ನು ಆಮೇಲೆ ನಾನೇ ಸೇರಿಸಿಕೊಂಡಿರಬೇಕು.

ಉಡುಪಿಯ ಗ್ಯಾರೇಜಿನವನು ಬಲ್ಬ್, ಫ್ಯೂಸ್, ಸ್ವಿಚ್ ಎಲ್ಲ ಬದಲಿಸಿದ. ಅವನ ಅಂಗಳದಲ್ಲಿ ಉರಿಯುತ್ತಿದ್ದ ದೀಪ ಮೊದಲ ಹೊಂಡದಲ್ಲೇ ಮಿಣುಕಿತು. ನಾನು ಮರಳಿ ಒಯ್ದು, ವಾರವಿಡೀ ಓಡಿಸುವುದು ಅಕ್ಕ ಎಂದಾಗ, "ಹೆಂಗಸರು ಓಡಿಸಿದ್ರೆ ಹಾಗೇ ಸಾರ್" ಎಂದು ನಕ್ಕ. ನಾನೂ ನಕ್ಕೆ. ಅದನ್ನೇ ತಮಾಷೆಯೆಂಬಂತೆ ಅಕ್ಕನಿಗೂ ಹೇಳಿದೆ. ಅವಳು ಕೀಲಿ ನನ್ನ ಕೈಗಿಟ್ಟು ಬಸ್ಸಿಗೆ ಮರಳಿದಳು.

ಕೊನೆಗೆ ಮಣಿಪಾಲದ ಎಲೆಕ್ಟ್ರಿಷಿಯನ್ ಒಬ್ಬರು ಮೀಟರ್ ಹಿಡಿದು ನೋಡಿದರು. "ಬಲ್ಬಿಗೆ ಕರೆಂಟ್ ಬರ್ತಾ ಉಂಟು, ವಾಪಸ್ ಹೋಗ್ಲಿಕ್ಕೆ ದಾರಿ ಇಲ್ಲ" ಎಂದು ಎಡಗಡೆ ಸೀಟಿನ ಮುಂದಿನ ಮ್ಯಾಟ್ ಎತ್ತಿದರು. ಕೊಳೆತ ಮೀನಿನ ವಾಸನೆ. ಕರೆಂಟು ವಾಪಸ್ ಹೋಗುವ ಅರ್ತಿಂಗ್ ವಯರುಗಳನ್ನು ಕಾರಿನ ಮೈಗೆ ಬಿಗಿಯುವ ಬೋಲ್ಟು ತುಕ್ಕು ತಿಂದು ಪುಡಿಯಾಗಿತ್ತು.

"ಮೀನು ಎಲ್ಲಿ ಇಡ್ತೀರಿ ಮಾರಾಯ್ರೆ?"

"ಡಿಕ್ಕಿಯಲ್ಲಿ. ಟಬ್ಬಿನಲ್ಲಿ."

"ಹಾಗಾದ್ರೆ ಈಜಿಕೊಂಡು ಮುಂದೆ ಬಂತಾ?"

ನಾನು ಸುಳ್ಳು ಹೇಳಿರಲಿಲ್ಲ, ಹಾಗೆಂದೇ ನಂಬಿದ್ದೆ. ಆದರೆ ಡಿಕ್ಕಿಯ ಬೀಗ ಜಾಮಾಗಿ ವರ್ಷಗಳಾಗಿದ್ದವು. ಮಲ್ಪೆಯಿಂದ ಪ್ರತಿ ಭಾನುವಾರ ಐಸ್ ಕರಗಿ ಉಪ್ಪುನೀರು ಸೋರುವ ಬಂಗುಡೆಯ ಪ್ಲಾಸ್ಟಿಕ್ ತೊಟ್ಟೆಯನ್ನು ಅಲ್ಲೇ, ಎಡಗಡೆ ಕಾಲಿಡುವ ಜಾಗದಲ್ಲಿ ಇಟ್ಟು ತಂದವನು ನಾನು. ಅಕ್ಕ ಮನೆ ಬಾಗಿಲಿಗೆ ಬರುವವಳಿಂದಲೇ ಮೀನು ಕೊಳ್ಳುತ್ತಾಳೆ.

ಹೊಸ ಬೋಲ್ಟು ಹಾಕಿಸಿ ಕಾಪುವಿಗೆ ಹೋಗಿ ಎಲ್ಲವನ್ನೂ ಹೇಳಿ ಕೀಲಿ ಚಾಚಿದೆ. ಅವಳು ಮುಟ್ಟಲಿಲ್ಲ.

"ಆ ಗ್ಯಾರೇಜಿನವನಿಗೆ ಹೇಳಿದ್ಯಾ?"

"ಅವನಿಗೆಂತಕ್ಕೆ?"

"ಅವನ ಎದುರು ನಕ್ಕು ಬಂದಿದ್ದೀಯಲ್ಲ. ಅವನ ಎದುರೇ ಹೇಳಿ ಬಾ. ಆಮೇಲೆ ಕೀಲಿ."

ನಾಚಿಕೆಪಡಬೇಕಾದಲ್ಲಿ ನನಗೆ ಸಿಟ್ಟೇ ಬಂತು. ಅದೇ ಸಿಟ್ಟಿನಲ್ಲಿ ಉಡುಪಿಗೆ ಕಾರು ತಿರುಗಿಸಿದೆ. ಅವನು ಯಾವುದೋ ಬಾನೆಟ್ಟಿನೊಳಗೆ ತಲೆ ಹಾಕಿದ್ದ. ಕೆಡಿಸಿದ್ದು ನಾನು ಎಂದೆ. "ಹಾಂ?" ಎಂದ. ಎರಡನೇ ಸಲ ಕೂಗಿಯೇ ಹೇಳಿದೆ.