ಆರೂ ಇಪ್ಪತ್ತರ ಪ್ರೇಮವ್ವ

ಹಾವೇರಿ ಜಿಲ್ಲೆಯಲ್ಲಿ ಕಬಡ್ಡಿ ಆಡಿದವರಿಗೆಲ್ಲ ಫಕ್ಕೀರೇಶ ಮಾಸ್ತರರ ಸೀಟಿ ಗೊತ್ತು. ಕರ್ಜಗಿಯ ಈ ಪಿ.ಟಿ. ಮಾಸ್ತರರು ಫೈನಲ್ ಪಂದ್ಯದಲ್ಲಿ ಸ್ವಂತ ಅಳಿಯನನ್ನೇ ಔಟ್ ಕೊಟ್ಟು, ಆ ವರ್ಷದ ಪಂಚಮಿಗೆ ಮಗಳು ತವರಿಗೆ ಬಾರದಂತೆ ಮಾಡಿಕೊಂಡವರು. ಹೆಂಡತಿ ಮಂಗಳವ್ವ ಎಂಟು ದಿನ ಮಾತು ಬಿಟ್ಟಳು. ತೀರ್ಪು ಮಾತ್ರ ಬದಲಾಗಲಿಲ್ಲ.

ಲೋಕಸಭೆಯ ಉಪಚುನಾವಣೆ ಬಂತು. ಊರೂರಿನ ಕೇಬಲ್ ಚಾನೆಲ್‌ಗಳು ಕಣದಲ್ಲಿರುವ ಮೂವರಿಗೂ ದಿನಾ ಸಮನಾದ ಸಮಯ ಕೊಡಬೇಕೆಂದು ಆದೇಶವಾಯಿತು. ಹಾವೇರಿಯ ಚುನಾವಣಾ ಕಚೇರಿಯಲ್ಲಿ ಒಂದು ಕೋಣೆಗೆ ಟಿವಿ ತಂದಿಟ್ಟರು. ಅದರ ಮುಂದೆ ಕೂತು, ಯಾರು ಎಷ್ಟು ಸೆಕೆಂಡ್ ಕಂಡರೆಂದು ಬರೆಯಲು ಒಬ್ಬರು ಬೇಕಾಯಿತು. ಸ್ಟಾಪ್‌ವಾಚ್ ಯಾರ ಹತ್ತಿರ ಇದೆಯೆಂದು ಹುಡುಕಿದಾಗ ಮಾಸ್ತರರು ಸಿಕ್ಕರು. ಇದಕ್ಕಿಂತ ಹುಚ್ಚು ಕಾರಣಕ್ಕೆ ಎಷ್ಟೋ ನೇಮಕಾತಿಗಳಾಗಿವೆ ಬಿಡಿ.

ಮಾಸ್ತರರಿಗೆ ಕೆಲಸ ಮನಸ್ಸಿಗೆ ಬಂತು. ಮೂವರಲ್ಲಿ ಇಬ್ಬರು ದೊಡ್ಡ ಪಕ್ಷದವರು, ಹಿಂದೆ ಮುಂದೆ ಕಾರು ಇದ್ದವರು. ಮೂರನೆಯವಳು ಬ್ಯಾಡಗಿಯ ಪ್ರೇಮವ್ವ. ಮೆಣಸಿನಕಾಯಿಯ ತೊಟ್ಟು ಬಿಡಿಸುವ ಹೆಂಗಸರಿಗೆ ಕೂಲಿ ಹೆಚ್ಚಾಗಬೇಕು, ಉರಿಯುವ ಕೈ ತೊಳೆಯಲು ನೀರು ಸಿಗಬೇಕು ಎಂದು ನಿಂತವಳು. ಮಾತಿನ ಭರದಲ್ಲೂ ಕೈಯನ್ನು ಕಣ್ಣಿನ ಹತ್ತಿರ ಒಯ್ಯುತ್ತಿರಲಿಲ್ಲ, ಅಷ್ಟು ರೂಢಿಯಾಗಿತ್ತು. ಇಂಥವಳಿಗೂ ಅವರಷ್ಟೇ ಸಮಯ ಸಿಗುತ್ತದಲ್ಲ ಎಂದು ಮಾಸ್ತರರಿಗೆ ಸರ್ಕಾರದ ಮೇಲೆ ಪ್ರೀತಿಯೇ ಹುಟ್ಟಿತು.

ಹತ್ತು ದಿನ ಲೆಕ್ಕ ಒಂದಿಷ್ಟೂ ಏರುಪೇರಾಗಲಿಲ್ಲ. ಮಾಸ್ತರರ ಪಾಲಿಗೆ ಬಂದದ್ದು ಜಿಲ್ಲೆಗೆಲ್ಲ ಕಾಣುವ ರಾಣೆಬೆನ್ನೂರಿನ ನಿಜಲಿಂಗಪ್ಪನ ಚಾನೆಲ್; ಅದು ಮೂವರಿಗೂ ನಾನೂರು ನಾನೂರು ಸೆಕೆಂಡ್ ಕೊಡುತ್ತಿತ್ತು. ಪ್ರೇಮವ್ವ ಸಂಜೆ ಆರೂ ಇಪ್ಪತ್ತಕ್ಕೆ, ಉಳಿದಿಬ್ಬರು ಏಳರ ಮೇಲೆ. ನಿಜಲಿಂಗಪ್ಪ ಮಾಸ್ತರರ ಕೈಯಲ್ಲೇ ಕಬಡ್ಡಿ ಕಲಿತವನು. ಶಿಷ್ಯ ಧರ್ಮದಿಂದ ನಡೆಯುತ್ತಿದ್ದಾನೆಂದು ಗುರುಗಳು ಹಿಗ್ಗಿದರು.

ಹನ್ನೊಂದನೆಯ ದಿನ ಮೈ ಬಿಸಿಯಾದಂತಾಗಿ, ಕೆಲಸ ಇನ್ನೊಬ್ಬರಿಗೆ ಒಪ್ಪಿಸಿ ಬೇಗ ಬಸ್ಸು ಹತ್ತಿದರು. ಆರು ದಾಟಿದ ಮೇಲೆ ಮನೆ ಮುಟ್ಟಿದರೆ ಕರೆಂಟ್ ಇರಲಿಲ್ಲ. ಮಂಗಳವ್ವ ಕಟ್ಟೆಯ ಮೇಲೆ ಕೂತು ಸೆರಗಿನಿಂದ ಗಾಳಿ ಹಾಕಿಕೊಳ್ಳುತ್ತಿದ್ದಳು. ಹದಿನೈದು ದಿನದಿಂದ ಹಳ್ಳಿಗಳಿಗೆಲ್ಲ ಆರರಿಂದ ಏಳರತನಕ ಕರೆಂಟ್ ತೆಗೆಯುತ್ತಾರೆ, ಒಂಬತ್ತಕ್ಕೆ ಬರುವವರಿಗೆ ಅದೆಲ್ಲ ಹೇಗೆ ಗೊತ್ತಾಗಬೇಕು ಎಂದು ಚುಚ್ಚಿದಳು. ಏಳಕ್ಕೆ ದೀಪ ಹತ್ತಿತು. ಟಿವಿ ಹಚ್ಚಿದ ಕೂಡಲೇ ದೊಡ್ಡ ಪಕ್ಷದವನೊಬ್ಬ ಕೈ ಮುಗಿದು ನಿಂತಿದ್ದ.

ಮಾಸ್ತರರು ಮೆಲ್ಲಗೆ, ಪ್ರೇಮವ್ವ ಹೇಗೆ ಮಾತಾಡುತ್ತಾಳೆಂದು ಹೆಂಡತಿಯನ್ನು ಕೇಳಿದರು.

"ಯಾವ ಪ್ರೇಮವ್ವರಿ?" ಅಂದಳು ಮಂಗಳವ್ವ.

ಮಾಸ್ತರರು ಟಿವಿ ಆರಿಸಿದರು. ಹತ್ತು ದಿನ ತಾವು ಬರೆದದ್ದೆಲ್ಲ ಖರೆ, ಒಂದು ಸೆಕೆಂಡೂ ಸುಳ್ಳಲ್ಲ. ಆದರೂ ಜಿಲ್ಲೆಯ ಹಳ್ಳಿಗಳಲ್ಲಿ ಆ ಹೆಂಗಸು ಇಲ್ಲವೇ ಇಲ್ಲ.

ಮರುದಿನ ಬೆಳಿಗ್ಗೆಯೇ ರಾಣೆಬೆನ್ನೂರಿಗೆ ಹೋದರು. ನಿಜಲಿಂಗಪ್ಪ ಎದ್ದು ನಿಂತು, ಕುರ್ಚಿ ಕೊಟ್ಟು, ಚಹಾ ತರಿಸಿದ. ಅಲ್ಲಗಳೆಯಲಿಲ್ಲ. ಜಾಹೀರಾತು ಕೊಡುವವರು ಏಳರ ಮೇಲಿನ ಹೊತ್ತು ಕೇಳುತ್ತಾರೆ, ತನ್ನ ಕೈ ಕೆಳಗೆ ಹದಿನಾಲ್ಕು ಮಂದಿ ಇದ್ದಾರೆ ಎಂದ. ಹಾವೂ ಸಾಯದ ಹಾಗೆ, ಕೋಲೂ ಮುರಿಯದ ಹಾಗೆ ಲೆಕ್ಕ ಹೊಂದಿಸಿದ್ದ.

"ಸರ, ನೀವು ಸೆಕೆಂಡ್ ಕೇಳಿದ್ರಿ, ನಾ ಸೆಕೆಂಡ್ ಕೊಟ್ಟೀನಿ," ಅಂದ. "ಕರೆಂಟ್ ಕೊಡೂದು ನನ್ನ ಕೆಲಸ ಅಲ್ಲಲ್ರಿ."

ಮಾಸ್ತರರು ಚಹಾ ಮುಟ್ಟದೆ ಎದ್ದರು. ಹಾವೇರಿಗೆ ಬಂದು ಚುನಾವಣಾ ಕಚೇರಿಯ ಸಾಹೇಬರಿಗೆ ಹೇಳಿದರೆ ಅವರು ನಮೂನೆಯ ಹಾಳೆ ತೋರಿಸಿದರು. ಹೆಸರು, ಶುರುವಾದ ಹೊತ್ತು, ಮುಗಿದ ಹೊತ್ತು, ಸೆಕೆಂಡ್. ಯಾರ ಮನೆಯಲ್ಲಿ ಕರೆಂಟ್ ಇತ್ತು ಎಂದು ಬರೆಯಲು ಜಾಗವೇ ಇರಲಿಲ್ಲ. ಸಂಜೆ ಐದರೊಳಗೆ 'ಸಮತೋಲನ ಪಾಲಿಸಲಾಗಿದೆ' ಎಂಬುದರ ಕೆಳಗೆ ಸಹಿ ಬೀಳಬೇಕು, ಇಲ್ಲವಾದರೆ ಕರ್ತವ್ಯಲೋಪದ ನೋಟಿಸು ಎಂದು ತಣ್ಣಗೆ ಹೇಳಿದರು. ನಿವೃತ್ತಿಗೆ ಎಂಟೇ ತಿಂಗಳು ಉಳಿದಿತ್ತು. ಈ ವಯಸ್ಸಿನಲ್ಲಿ ನೋಟಿಸು ಅಂದರೆ ಪಿಂಚಣಿಯ ಕಾಗದಕ್ಕೆ ಗೆದ್ದಲು ಹತ್ತಿದ ಹಾಗೆ. ಮಧ್ಯಾಹ್ನವಿಡೀ ಪೆನ್ನು ಹಿಡಿದು ಕೂತರು. ನಾಲ್ಕಾಯಿತು. ನಾಲ್ಕೂವರೆಯಾಯಿತು. ಸಾಹೇಬರು ಎರಡು ಸಲ ಬಾಗಿಲಲ್ಲಿ ನಿಂತು ಹೋದರು. ಐದಕ್ಕೆ ಐದು ನಿಮಿಷ ಇದ್ದಾಗ ಮಾಸ್ತರರು ಆ ಸಾಲು ಹೊಡೆದು ಹಾಕಿ, ಪ್ರೇಮವ್ವನನ್ನು ಕರೆಂಟ್ ಇಲ್ಲದ ಹೊತ್ತಿನಲ್ಲೇ ತೋರಿಸುತ್ತಿದ್ದಾರೆ, ಇದು ಸಮತೋಲನವಲ್ಲ ಎಂದು ಬರೆದು ಸಹಿ ಹಾಕಿದರು. ಅಕ್ಷರಗಳು ದುಂಡಗೇ ಬಂದವು.

ಸಾಹೇಬರ ಮುಖ ಕೆಂಪೇರಿತು. ಆದರೆ ಬರೆದ ಕಾಗದವನ್ನು ಹರಿದೊಗೆಯುವ ಧೈರ್ಯ ಅವರಿಗೂ ಇರಲಿಲ್ಲ. ಕಾಗದ ಮೇಲೆ ಹೋಯಿತು. ಮೂವರನ್ನೂ ಏಳರ ಮೇಲೆ ಒಂದೇ ತಾಸಿನಲ್ಲಿ ತೋರಿಸಬೇಕು, ತಪ್ಪಿದರೆ ಕ್ರಮ ಎಂದು ಮರುದಿನವೇ ನಿಜಲಿಂಗಪ್ಪನಿಗೆ ಆದೇಶ ಮುಟ್ಟಿತು.

ಆ ಸಂಜೆ ಮಾಸ್ತರರು ಏಳಕ್ಕೇ ಸ್ಟಾಪ್‌ವಾಚ್ ಹಿಡಿದು ಕೂತರು. ಟಿವಿಯಲ್ಲಿ ಭಜನೆ ಬಂತು. ಏಳೂವರೆಗೂ ಭಜನೆ, ಎಂಟಕ್ಕೂ ಭಜನೆ, ಒಂಬತ್ತಕ್ಕೂ ಅದೇ ತಾಳ. ತೋರಿಸಿದರೆ ತಾನೆ ತಪ್ಪು ಹಿಡಿಯುವುದು ಎಂದು ವಕೀಲರು ನಿಜಲಿಂಗಪ್ಪನಿಗೆ ದಾರಿ ಹೇಳಿಕೊಟ್ಟಿದ್ದರಂತೆ. ಚುನಾವಣೆಯ ಸುದ್ದಿಯನ್ನೇ ಕೈಬಿಟ್ಟಿದ್ದ.

ಎರಡನೆಯ ದಿನವೂ ಭಜನೆಯೇ. ಮೂರನೆಯ ದಿನ ಮಧ್ಯಾಹ್ನ ಪ್ರೇಮವ್ವ ಆ ಕೋಣೆಗೆ ಬಂದಳು. ಟಿವಿಯಲ್ಲಿ ನೋಡಿದ್ದಕ್ಕಿಂತ ಕುಳ್ಳಗಿದ್ದಳು. ಮಾಸ್ತರರು ಗಡಬಡಿಸಿ ಎದ್ದು ಕುಂದ್ರಲು ಹೇಳಿದರು. ಅವಳು ಕೂರಲಿಲ್ಲ. ಆ ಕಾಗದ ಬರೆದವರು ನೀವೇ ಏನು ಎಂದು ಕೇಳಿದಳು. ಹೌದು, ನಿನ್ನ ಸಲುವಾಗಿಯೇ ಬರೆದೆ ಎಂದರು ಮಾಸ್ತರರು. ಅವಳು ಒಂದು ಮಾತು ಹೊಗಳಬಹುದೆಂಬ ಆಸೆ ಅವರಿಗಿತ್ತು, ಸುಳ್ಳೇಕೆ.

"ಹಾವೇರ್ಯಾಗ, ರಾಣೆಬೆನ್ನೂರಾಗ ಕರೆಂಟ್ ಇರ್ತಿತ್ತರಿ," ಅಂದಳು ಪ್ರೇಮವ್ವ. "ಚಹಾದ ಅಂಗಡಿಯಾಗ ಮಂದಿ ಗುರ್ತು ಹಿಡದು, ನೀನ ಅಲ್ಲೇನಬೇ ಅಂತ ಕೇಳ್ತಿದ್ರು. ಅಷ್ಟರ ಇತ್ತು ನನಗ, ಈಗ ಅದೂ ಹೋತು. ಬರಿಯೂಕಿಂತ ಮೊದಲ ನನ್ನ ಒಂದು ಮಾತು ಕೇಳಬೇಕಿತ್ತಲ್ರಿ, ಮಾಸ್ತರ."

ಮಾಸ್ತರರು ಹೆಂಡತಿಯನ್ನು ಕೇಳಿದ್ದರು, ಶಿಷ್ಯನನ್ನು ಕೇಳಿದ್ದರು, ಸಾಹೇಬರನ್ನು ಕೇಳಿದ್ದರು. ಬ್ಯಾಡಗಿಗೆ ಹೋಗುವ ಬಸ್ಸು ಮಾತ್ರ ಅವರ ನೆನಪಿಗೆ ಬಂದಿರಲಿಲ್ಲ. ಪ್ರಚಾರ ಮುಗಿಯಲು ಒಂದೇ ದಿನ ಉಳಿದಿತ್ತು.

ಅಷ್ಟರಲ್ಲಿ ಸಾಹೇಬರು ನಗುತ್ತ ಬಂದು ಹಿಂದಿನ ದಿನದ ಹಾಳೆಯನ್ನು ಮೇಜಿನ ಮೇಲಿಟ್ಟರು. ಮೂರು ಹೆಸರು, ಮೂರರ ಮುಂದೂ ಸೊನ್ನೆ. ಈಗಂತೂ ಕೂದಲೆಳೆಯಷ್ಟೂ ಹೆಚ್ಚುಕಡಿಮೆ ಇಲ್ಲ, ಇನ್ನೇನಾದರೂ ತಕರಾರು ಇದೆಯೇ ಎಂದು ಕೇಳಿದರು. ಮಾಸ್ತರರು ಹಾಳೆಯನ್ನು ಮೇಲಿನಿಂದ ಕೆಳಗಿನವರೆಗೆ ಎರಡು ಸಲ ಓದಿದರು. ಎಲ್ಲಿಯೂ ತಪ್ಪು ಸಿಗಲಿಲ್ಲ. ಪ್ರೇಮವ್ವ ಇನ್ನೂ ಎದುರಿಗೇ ನಿಂತಿದ್ದಳು. ಅವಳ ಮುಖ ನೋಡಲಾಗದೆ, ತಲೆ ತಗ್ಗಿಸಿ ಸಹಿ ಹಾಕಿದರು.