ಎಪ್ಪತ್ನಾಲ್ಕನೆಯವನ ತಪ್ಪು

ಲೈಲ್ ವೊಂಡ್ರಾ ತಪ್ಪು ಮಾಡಿದಾಗಲೆಲ್ಲ ವೆಲ್ಕಾ ಊರಿನಲ್ಲಿ ಗಂಟೆ ಬಾರಿಸುತ್ತಿದ್ದರು.

ಬೆಂಕಿ ಆರಿಸುವ ಹಳೆಯ ಬಂಡಿಯೊಂದರಿಂದ ಕಳಚಿ ತಂದ ಹಿತ್ತಾಳೆಯ ಗಂಟೆ ಅದು. ಮೈಲೋನ ಬಾರಿನಲ್ಲಿ, ಟಿವಿಯ ಪಕ್ಕದಲ್ಲಿ ತೂಗುತ್ತಿತ್ತು. ಭಾನುವಾರ ಚರ್ಚು ಮುಗಿದ ಮೇಲೆ ಊರಿಗೆ ಊರೇ ಅಲ್ಲಿ ಸೇರುತ್ತಿತ್ತು. ಟಿವಿಯಲ್ಲಿ ಅಮೆರಿಕನ್ ಫುಟ್‌ಬಾಲ್ ಪಂದ್ಯದ ನಡುವೆ ರೆಫರಿ ತಪ್ಪಿನ ಗುರುತಾದ ಹಳದಿ ಬಟ್ಟೆಯನ್ನು ಹುಲ್ಲಿನ ಮೇಲೆಸೆದು, ಸೊಂಟದ ಮೈಕು ಒತ್ತಿ, “ಹಿಡಿದೆಳೆದದ್ದು. ಎಪ್ಪತ್ನಾಲ್ಕು. ಹತ್ತು ಗಜ ಹಿಂದಕ್ಕೆ” ಎಂದು ಲೈಲನ ಅಂಗಿಯ ಸಂಖ್ಯೆಯನ್ನು ದೇಶಕ್ಕೆಲ್ಲ ಕೇಳುವಂತೆ ಸಾರಿದ ಕೂಡಲೇ ಮೈಲೋ ಗಂಟೆಯ ಹಗ್ಗ ಜಗ್ಗುತ್ತಿದ್ದ. ಲೈಲನ ತಾಯಿ ಆರ್ಡಿತ್ ಮಡಿಲಲ್ಲಿದ್ದ ತಟ್ಟೆಯ ಬಟ್ಟೆ ಸರಿಸಿ, ಕೊಲಾಚೆ ಎಂಬ ಗಸಗಸೆ ಹೂರಣದ ಸಿಹಿ ಬನ್ನುಗಳನ್ನು ಒಬ್ಬೊಬ್ಬರಿಗೂ ಹಂಚುತ್ತಿದ್ದಳು. “ಹಿಡಿದೆಳೆದನಂತೆ!” ಎಂದು ಮುದುಕರು ಕಣ್ಣೊರೆಸಿಕೊಳ್ಳುತ್ತಿದ್ದರು.

ಹೊರಗಿನವರಿಗೆ ಇದು ಹುಚ್ಚೆನಿಸುತ್ತಿತ್ತು. ಆದರೆ ಮುಂಸಾಲಿನಲ್ಲಿ ನಿಲ್ಲುವ ಆಟಗಾರನ ಹೆಸರು ಬೇರೆ ಯಾವಾಗ ಕೇಳಿಸೀತು? ಬಗ್ಗಿ, ಒಂದು ಕೈಯನ್ನು ನೆಲಕ್ಕೂರಿ ಕಾಯುವುದು; ಚೆಂಡು ಅಲುಗಿದೊಡನೆ ಎದ್ದು, ಹಿಂದೆ ನಿಂತ ಎಸೆಗಾರನ ಮೂಳೆ ಮುರಿಯಲು ಬರುವವರಿಗೆ ಅಡ್ಡ ನಿಲ್ಲುವುದು. ಇಷ್ಟೇ ಅವನ ಕೆಲಸ. ಅದನ್ನು ಸರಿಯಾಗಿ ಮಾಡಿದರೆ ಜನ ಎಸೆಗಾರನನ್ನು ಹೊಗಳುತ್ತಾರೆ. ಕೆಟ್ಟದಾಗಿ ಮಾಡಿದಾಗ ಮಾತ್ರ, ಅಲ್ಲಿ ಇನ್ನೊಬ್ಬನೂ ಇದ್ದ ಎಂಬುದು ಅವರಿಗೆ ನೆನಪಾಗುತ್ತದೆ. ಲೈಲನ ಮೊದಲ ಪಂದ್ಯದಲ್ಲಿ ಮೊದಲ ಹಳದಿ ಬಟ್ಟೆ ಬಿದ್ದಾಗ ಬಾರಿನಲ್ಲಿ ಎಲ್ಲರೂ ತಲೆ ತಗ್ಗಿಸಿದ್ದರು. ಆರ್ಡಿತ್ ಒಬ್ಬಳೇ ಎದ್ದು ನಿಂತು, “ಕೇಳಿದ್ರಾ? ನಮ್ ಹುಡುಗನ್ನ ಕರೆದ್ರು!” ಎಂದಿದ್ದಳು. ಅಂದಿನಿಂದ ಅದು ಪದ್ಧತಿಯಾಯಿತು.

ಲೈಲ್ ಹುಟ್ಟಿದ್ದು ನೆಬ್ರಾಸ್ಕದ ಜೋಳದ ಹೊಲಗಳ ನಡುವೆ. ದೀಕ್ಷಾಸ್ನಾನದ ದಿನ ಪಾದ್ರಿಗಳು ಮಗುವನ್ನು ಎತ್ತಿಕೊಂಡು, ಭಾರ ತಾಳದೆ ಪ್ರಾರ್ಥನೆಯ ನಡುವೆ ಎರಡು ಸಲ ಕೈ ಬದಲಾಯಿಸಿದರಂತೆ. ಶಾಲೆಯ ಬಸ್ಸಿನಲ್ಲಿ ಡ್ರೈವರು ಅವನನ್ನು ಸರಿಯಾಗಿ ನಡುವೆ ಕೂರಿಸುತ್ತಿದ್ದ. ಕಿಟಕಿ ಪಕ್ಕ ಕೂತರೆ ತಿರುವಿನಲ್ಲಿ ಬಸ್ಸು ಆ ಕಡೆಗೇ ವಾಲುತ್ತಿತ್ತು. ಚರ್ಚಿನಲ್ಲಿ ನಾಲ್ಕನೆಯ ಬೆಂಚಿಗೆ ಕಬ್ಬಿಣದ ಪಟ್ಟಿ ಬಡಿದದ್ದು ಅವನಿಗಾಗಿಯೇ. ಒಂದು ವಸಂತದಲ್ಲಿ ಆ ಬಸ್ಸು ಕೆಸರಿನಲ್ಲಿ ಹೂತಾಗ, ಅವನೊಬ್ಬನೇ ಇಳಿದು ಹೆಗಲು ಕೊಟ್ಟು ಅದನ್ನು ರಸ್ತೆಗೆ ಹತ್ತಿಸಿದ. ಆಮೇಲೆ ಬಸ್ಸಿಗೆ, “ನೋವಾಯ್ತಾ?” ಎಂದು ಕೇಳಿದ. ಪಕ್ಕದಲ್ಲೇ ನಿಂತಿದ್ದ ಶಾಲೆಯ ತರಬೇತುದಾರನಿಗೆ ಮೊದಲಿನದು ಕಂಡಿತು, ಎರಡನೆಯದು ಕೇಳಿಸಲಿಲ್ಲ. ಲೈಲನ ಬದುಕು ಅಲ್ಲಿಂದ ಆಟದ ಕಡೆಗೆ ಹೊರಳಿತು.

ನಗರದ ದೊಡ್ಡ ತಂಡದಲ್ಲಿ ಹನ್ನೊಂದು ವರ್ಷ ಆಡಿದ. ಎಡಗೈಯ ಕಿರುಬೆರಳು ಮುರಿದು, ಉಳಿದವುಗಳ ಜೊತೆ ಮುನಿಸಿಕೊಂಡಂತೆ ಅಡ್ಡಕ್ಕೆ ನಿಂತಿತು. ಸಂತೆಯ ಚೀಲ ಸಿಕ್ಕಿಸಲು ಅದೇ ಅನುಕೂಲ ಎಂದುಕೊಂಡ. ಚೆಂಡನ್ನು ಅವನು ಮುಟ್ಟಿದ್ದು ಒಂದೇ ಸಲ. ಯಾರದೋ ಕೈ ಜಾರಿ ಅದು ಉರುಳಿಕೊಂಡು ಅವನ ಕಾಲ ಬುಡಕ್ಕೆ ಬಂದಿತ್ತು. ಲೈಲ್ ಅದನ್ನೆತ್ತಿ, ಹುಲ್ಲು ಒರೆಸಿ, ವಿನಯದಿಂದ ರೆಫರಿಯ ಕೈಗೆ ಕೊಟ್ಟ. ಆಟ ಇನ್ನೂ ನಡೆಯುತ್ತಿತ್ತು. ಮೈದಾನದಲ್ಲಿದ್ದ ಇಪ್ಪತ್ತೊಂದು ಜನ ಓಡುವುದನ್ನು ನಿಲ್ಲಿಸಿ ಅವನನ್ನೇ ನೋಡಿದರು. ರೆಫರಿ ಕೂಡ ಏನು ಮಾಡಬೇಕೆಂದು ತಿಳಿಯದೆ “ಥ್ಯಾಂಕ್ಸ್” ಎಂದ.

ಪ್ರತಿವರ್ಷ ತಂಡದವರು ಆಟಗಾರರ ಪರಿಚಯದ ಪುಸ್ತಿಕೆ ಅಚ್ಚು ಹಾಕಿಸುತ್ತಿದ್ದರು. ಎತ್ತರ, ತೂಕ, ಊರು, ಹವ್ಯಾಸ. ಮೊದಲ ವರ್ಷ ಲೈಲನನ್ನು ಕೇಳಲು ಮರೆತವರು, ಮುಂಸಾಲಿನವರಿಗೆಲ್ಲ ಹಾಕಿದಂತೆ ಅವನಿಗೂ ‘ಮೀನು ಹಿಡಿಯುವುದು’ ಎಂದು ಹಾಕಿಬಿಟ್ಟರು. ಅವನಿಗೆ ಮೀನಿನ ಕಣ್ಣು ನೋಡಿದರೆ ಅಳು ಬರುತ್ತಿತ್ತು. ಆದರೂ ಅಭಿಮಾನಿಗಳು ಗಾಳ ಕಳಿಸಿದರು, ಬುಟ್ಟಿ ಕಳಿಸಿದರು, ಒಬ್ಬಾಕೆ ಸಣ್ಣ ದೋಣಿಯನ್ನೇ ಕಳಿಸಿದಳು. ಅವರ ಮನಸ್ಸು ನೋಯಿಸಬಾರದೆಂದು ಎಲ್ಲವನ್ನೂ ಷೆಡ್ಡಿನಲ್ಲಿ ಒಪ್ಪವಾಗಿ ಜೋಡಿಸಿಟ್ಟ. ದೋಣಿಯಲ್ಲಿ ಟೊಮೆಟೊ ಬೆಳೆಸಿದ.

ಹನ್ನೊಂದನೆಯ ವರ್ಷ ಬ್ರಾನಕ್ ಎಂಬ ಹೊಸ ಕೋಚ್ ಬಂದ. ಮೊದಲ ದಿನವೇ ಲೈಲನನ್ನು ಕರೆದ.

“ವೊಂಡ್ರಾ, ಇನ್ನೊಂದು ಹಳದಿ ಬಟ್ಟೆ ಬಿತ್ತೋ, ನಿನ್ನ ಗಾಳ ಎತ್ಕೊಂಡು ಮನೆಗೆ ಹೊರಡು.”

“ನಾನು ಮೀನು ಹಿಡಿಯಲ್ಲ ಕೋಚ್.”

“ಏನಂದೆ?”

“ಏನಿಲ್ಲ.”

ಅಂದಿನಿಂದ ಲೈಲ್ ತಪ್ಪು ಮಾಡುವುದನ್ನೇ ಬಿಟ್ಟ. ಬಗ್ಗಿ ನಿಂತರೆ ಹೊಲದ ಬೇಲಿಗೂಟದಂತೆ ನಿಲ್ಲುತ್ತಿದ್ದ. ಒಮ್ಮೆ ಅವನ ಬೆನ್ನ ಮೇಲೆ ಗುಬ್ಬಿಯೊಂದು ಬಂದು ಕೂತಿತ್ತು. ಭಾನುವಾರಗಳು ಒಂದರ ಹಿಂದೊಂದು ಸರಿದವು. ಎಪ್ಪತ್ನಾಲ್ಕು ಎಂಬ ಸಂಖ್ಯೆಯೇ ಲೋಕದಿಂದ ಕಾಣೆಯಾದಂತಾಯಿತು.

ವೆಲ್ಕಾ ಕಂಗೆಟ್ಟಿತು. ಆರ್ಡಿತಳ ಕೊಲಾಚೆಗಳು ತಟ್ಟೆಯಲ್ಲೇ ಗಟ್ಟಿಯಾಗಿ ಕೋಳಿಗಳ ಪಾಲಾದವು. ಲೈಲ್ ತೀರಿಕೊಂಡಿದ್ದಾನೆ, ಅವನ ಅಂಗಿಗೆ ಇನ್ನಾರನ್ನೋ ತುಂಬಿಸಿ ನಿಲ್ಲಿಸಿದ್ದಾರೆ ಎಂಬ ಮಾತೂ ಹುಟ್ಟಿತು. ಒಂದು ಸೋಮವಾರ ಬೆಳಿಗ್ಗೆ ಆರ್ಡಿತ್ ಫೋನು ಮಾಡಿದಳು.

“ಏನಾಗಿದೆಯೋ ನಿಂಗೆ, ಮಗಾ?”

“ಏನೂ ಆಗಿಲ್ಲಮ್ಮ. ಚೆನ್ನಾಗಿ ಆಡ್ತಿದೀನಿ.”

“ಅದಕ್ಕೇ ಕೇಳಿದ್ದು. ಪಾದ್ರಿಗಳು ರೋಗಿಗಳ ಪ್ರಾರ್ಥನೇಲಿ ನಿನ್ ಹೆಸರು ಸೇರಿಸ್ಬಿಟ್ಟಿದಾರೆ.”

“ತೆಗೆಸಮ್ಮ.”

“ಏನು? ಜೋರಾಗಿ ಹೇಳು.” ಅವಳು ಫೋನನ್ನು ಇನ್ನೊಂದು ಕಿವಿಗೆ ಬದಲಾಯಿಸಿದಳು. “ಕಿವಿ ಡಾಕ್ಟ್ರ ಹತ್ರ ಹೋಗಿದ್ದೆ. ಈ ಚಳಿ ಕಳೆಯೋ ಹೊತ್ತಿಗೆ ಪೂರ್ತಿ ಹೋಗತ್ತಂತೆ. ಸಣ್ಣ ದನಿ ಎಲ್ಲ ಆಗ್ಲೇ ಹೋಗಿದೆ. ಆ ರೆಫ್ರಿದು ದಪ್ಪ ದನಿ ನೋಡು, ಅದೊಂದು ಇನ್ನೂ ಕೇಳತ್ತೆ.”

ಲೈಲ್ ಕಿರುಬೆರಳನ್ನು ಒತ್ತಿಕೊಳ್ಳುತ್ತ ಕೂತ.

“ಒಂದೇ ಒಂದ್ಸಲ ಕಣೋ. ಸಣ್ಣದು ಸಾಕು. ಐದು ಗಜದ್ದು.”

“ಮಾಡಿದ್ರೆ ಮನೆಗೆ ಕಳಿಸ್ತಾರಮ್ಮ!” ಎಂದು ಅವನು ಕೂಗಿದ.

“ಮನೆಗೇ ತಾನೇ,” ಎಂದವಳು ಕೂಡಲೇ ತಿದ್ದಿಕೊಂಡಳು. “ಬೇಡ ಬೇಡ. ಆಟ ಬಿಟ್ರೆ ನೀನೇನು ಮಾಡ್ತೀಯ. ಮೀನು ಹಿಡಿಯೋಕ್ಕೂ ಬರಲ್ಲ.”

ಆ ಭಾನುವಾರ ಲೈಲ್ ತಪ್ಪು ಮಾಡಬೇಕೆಂದೇ ಮೈದಾನಕ್ಕಿಳಿದ. ಮೊದಲು, ಚೆಂಡಿಗಿಂತ ಮುಂಚೆ ಅಲುಗಿಬಿಡೋಣ, ಅದು ಐದು ಗಜದ ತಪ್ಪು ಎಂದುಕೊಂಡ. ದೇಹ ಒಪ್ಪಲಿಲ್ಲ; ಮನಸ್ಸು ‘ಏಳು’ ಎಂದರೂ ಬೆರಳು ಹುಲ್ಲು ಬಿಡಲಿಲ್ಲ. ಕೊನೆಗೆ ಹಲ್ಲು ಕಚ್ಚಿ ಎದ್ದೇಬಿಟ್ಟ. ಅಷ್ಟರಲ್ಲಿ, ರೆಪ್ಪೆ ಮುಚ್ಚಿ ತೆರೆಯುವಷ್ಟು ಮೊದಲು, ಎದುರು ಸಾಲಿನವನೊಬ್ಬ ತಾನೇ ಗೆರೆ ದಾಟಿದ್ದ. ರೆಫರಿ ತೊಂಬತ್ತೆರಡು ಎಂದು ಸಾರಿದ. ಎಲ್ಲೋ ಇನ್ಯಾರದೋ ತಾಯಿಗೆ ಆ ಸುಖ ಸಿಕ್ಕಿತು.

ಆಮೇಲೆ, ಎದುರಿಗಿದ್ದ ಸೈಲಾಸನ ಅಂಗಿಯ ತೋಳನ್ನೇ ಹಿಡಿದೆಳೆದ. ವರ್ಷಗಟ್ಟಲೆ ಒಬ್ಬರನ್ನೊಬ್ಬರು ನೂಕಿಕೊಂಡು ಬಂದಿದ್ದ ಇಬ್ಬರಿಗೂ ಒಳ್ಳೆಯ ಪರಿಚಯ.

“ಏನೋ ಇದು ಲೈಲ್? ನೀನಾ?”

“ತಪ್ಪು ತಿಳ್ಕೋಬೇಡ. ಅಮ್ಮನಿಗೋಸ್ಕರ.”

“ಅಮ್ಮ ಹೇಗಿದಾರೆ?” ಎಂದು ಸೈಲಾಸ್ ಅವನ ಎದೆಗೆ ಗುದ್ದುತ್ತಲೇ ಕೇಳಿದ.

“ಕಿವಿ ಕೇಳಿಸ್ತಿಲ್ಲ.”

“ಅಯ್ಯೋ. ಹಾಗಾದ್ರೆ ಇನ್ನೂ ಜೋರಾಗಿ ಎಳಿ. ಆ ಕುರುಡನ ಕಣ್ಣಿಗೆ ಬೀಳ್ಬೇಕಲ್ಲ.”

ಅಂಗಿಯ ತೋಳು ಹರಿದು ಕೈಗೇ ಬಂತು. ಆದರೆ ರೆಫರಿಯ ಕಣ್ಣು ದೂರ ಹಾರಿದ ಚೆಂಡಿನ ಮೇಲಿತ್ತು. ಬಟ್ಟೆ ಬೀಳಲಿಲ್ಲ. ಲೈಲ್ ಆ ತೋಳನ್ನು ಮಡಚಿ ಸೈಲಾಸನಿಗೆ ಹಿಂದಿರುಗಿಸಿದ.

ಮಾರನೆಯ ದಿನ ಕೋಚ್ ಬ್ರಾನಕ್ ಪಂದ್ಯದ ವಿಡಿಯೋವನ್ನು ನಿಲ್ಲಿಸಿ, ನಿಲ್ಲಿಸಿ ತೋರಿಸಿದ. “ಇದೇನು ನಿನ್ ಕೈಲಿ?”

“ಅಂಗಿ ತೋಳು, ಕೋಚ್. ರೆಫ್ರಿ ನೋಡ್ಲಿಲ್ಲ.”

“ನಾನು ನೋಡ್ದೆ. ಬಟ್ಟೆ ಬೀಳ್ಲಿಲ್ಲ ಅಂತ ಮನೆಗೆ ಕಳಿಸ್ತಿಲ್ಲ. ಆದ್ರೆ ಇನ್ಮೇಲೆ ನಿನ್ ಜಾಗದಲ್ಲಿ ಕೋಫೋಡ್ ನಿಲ್ತಾನೆ. ನೀನು ಬೆಂಚಲ್ಲಿ ಕೂತಿರು.”

ಕೋಫೋಡ್ ಕುತ್ತಿಗೆಯೇ ಇಲ್ಲದ, ಯಾವಾಗಲೂ ನಗುವ ಹೊಸಬ. ಮುಂದಿನ ಭಾನುವಾರ ಅವನು ಲೈಲನ ಜಾಗದಲ್ಲಿ ಬಗ್ಗಿ ನಿಂತ. ಲೈಲ್ ಬೆಂಚಿನಲ್ಲಿ ಕೂತು ಅಮ್ಮನನ್ನು ನೆನೆದ. ತಪ್ಪು ಮಾಡಲೂ ಈಗ ಅವಕಾಶವಿರಲಿಲ್ಲ.

ಪಂದ್ಯ ಮುಗಿಯುತ್ತ ಬಂದಾಗ, ದಾಟಿದರೆ ಗೆಲುವೆನ್ನುವ ಕೊನೆಯ ಗೆರೆಗೆ ಲೈಲನ ತಂಡಕ್ಕೆ ಎರಡೇ ಗಜ ಉಳಿದಿತ್ತು. ಅಷ್ಟು ಹತ್ತಿರ ಬಂದಾಗ ಮುಂಸಾಲಿಗೆ ಇನ್ನೊಬ್ಬ ದಪ್ಪನೆಯವನನ್ನು ಸೇರಿಸುವುದು ರೂಢಿ. “ವೊಂಡ್ರಾ, ಒಳಗೆ ಹೋಗು!” ಎಂದು ಕೋಚ್ ಕೂಗಿದ. “ಸಾಲಿನ ತುದಿಗೆ ನಿಲ್ಲು. ರೆಫ್ರಿಗೆ ಹೇಳೋದು ಮರೀಬೇಡ.”

ಎಪ್ಪತ್ತರ ಸರಣಿಯ ಸಂಖ್ಯೆಯವರು ಚೆಂಡು ಹಿಡಿಯುವಂತಿಲ್ಲ. ಆದರೆ ಸಾಲಿನ ಕೊನೆಗೆ ನಿಂತವನು ಹಿಡಿಯಬಹುದು. ಹಾಗಾಗಿ ಲೈಲನಂಥವನು ತುದಿಗೆ ನಿಲ್ಲಬೇಕಾದರೆ ಮೊದಲು ರೆಫರಿಯ ಮುಂದೆ ಹೋಗಿ, ಎರಡು ಅಂಗೈಯಿಂದ ಎದೆ ಸವರಿಕೊಂಡು ತಿಳಿಸಬೇಕು. ರೆಫರಿ ಅದನ್ನು ಎದುರಾಳಿಗಳಿಗೆ ಕೇಳುವಂತೆ ಸಾರಬೇಕು. ಲೈಲ್ ಇಷ್ಟು ವರ್ಷ ತುದಿಯಲ್ಲಿ ನಿಂತವನೇ ಅಲ್ಲ. ಹೋಗಿ ಎದೆ ಸವರಿಕೊಂಡ. ರೆಫರಿ ಮೈಕು ಒತ್ತಿದ.

“ಎಪ್ಪತ್ನಾಲ್ಕು...”

ಮೈದಾನದ ನಾಲ್ಕೂ ಕಡೆಯಿಂದ ಆ ದಪ್ಪ ದನಿ ತಿರುಗಿ ಬಂತು. ಲೈಲನ ತಲೆ ತಾನಾಗಿಯೇ ತಗ್ಗಿತು. ಹುಲ್ಲಿನಲ್ಲಿ ಹಳದಿ ಬಟ್ಟೆ ಹುಡುಕುತ್ತ ಅವನು ಹಿಂದಕ್ಕೆ ನಡೆಯತೊಡಗಿದ.

ರೆಫರಿ ಮೈಕಿನಿಂದ ಕೈ ತೆಗೆದು, “ಎಲ್ಲಿಗೆ ಹೊರಟ್ಯಪ್ಪ?” ಎಂದ. “ನೀನೇನೂ ಮಾಡಿಲ್ಲ.” ಮತ್ತೆ ಒತ್ತಿ ಮುಗಿಸಿದ: “ಎಪ್ಪತ್ನಾಲ್ಕು, ಚೆಂಡು ಹಿಡಿಯಲು ಅರ್ಹ.”

ತಪ್ಪು ಮಾಡದೆಯೂ ತನ್ನ ಸಂಖ್ಯೆ ಅಮ್ಮನಿಗೆ ಕೇಳಿಸುತ್ತದೆ ಎಂದು ಆಗ ಅವನಿಗೆ ಅರ್ಥವಾಯಿತು. ತುದಿಗೆ ಹೋಗಿ ಬಗ್ಗಿ ನಿಂತ. ಚೆಂಡನ್ನು ಬೇರೆಯವನಿಗೆ ಕೊಟ್ಟರು, ಅವನು ಗೆರೆ ತಲುಪದೆ ಬಿದ್ದ. ಪ್ರತಿ ಯತ್ನಕ್ಕೂ ಹೊಸದಾಗಿ ಹೇಳಬೇಕು. ಲೈಲ್ ಓಡಿಹೋಗಿ ಎದೆ ಸವರಿಕೊಂಡ. ಎಪ್ಪತ್ನಾಲ್ಕು, ಅರ್ಹ. ಆ ಸಲವೂ ಚೆಂಡು ಹಿಡಿದವನು ಬಿದ್ದ. ಮೂರನೆಯ ಸಲವೂ ತಿಳಿಸಿ ಬಂದು, ಲೈಲ್ ಅಡ್ಡ ನಿಂತವನನ್ನು ಪಕ್ಕಕ್ಕಿಟ್ಟು ಗೆರೆಯಾಚೆ ಹೋದ. ಅಲ್ಲಿ ಯಾರೂ ಇರಲಿಲ್ಲ. ಸಂಜೆಯ ಬಿಸಿಲು ಹುಲ್ಲಿನ ಮೇಲೆ ಅಡ್ಡ ಬಿದ್ದಿತ್ತು. ಅವನು ಎರಡೂ ಕೈಗಳನ್ನು ಚಾಚಿದ, ಹೆಚ್ಚಲ್ಲ, ಯಾರಾದರೂ ಮಗುವನ್ನು ಕೊಟ್ಟರೆ ಎತ್ತಿಕೊಳ್ಳುವಷ್ಟು. ಎಸೆಗಾರ ಆ ಕಡೆ ನೋಡಲೇ ಇಲ್ಲ. ತಂಡ ಸೋತಿತು.

ಬಟ್ಟೆ ಬದಲಿಸಿ ಹೊರಬಂದವನು ಕಾರಿನ ಪಕ್ಕ ನಿಂತು ಫೋನು ಮಾಡಿದ. ಆರ್ಡಿತಳ ಫೋನು ತೆಗೆದದ್ದು ಮೈಲೋ. ಹಿಂದೆ ಜಾತ್ರೆಯಂಥ ಗಲಾಟೆ.

“ಲೈಲ್! ಇಲ್ಲಿ ಜಗಳ ಆಗ್ತಿದೆ. ಅದು ತಪ್ಪೋ ಅಲ್ವೋ ಅಂತ. ನಾನಂದೆ, ನಂಬರ್ ಕರೆದ್ಮೇಲೆ ಕರೆದ ಹಾಗೇನೇ. ಹಗ್ಗಕ್ಕೆ ಕೈ ಹಾಕಿದ್ದೂ ಆಯ್ತು. ನಿಮ್ಮಮ್ಮ ಓಡ್ಬಂದು ಗಂಟೆ ನಾಲಿಗೇನ ಮುಷ್ಟೀಲಿ ಹಿಡ್ಕೊಂಡ್ಬಿಟ್ಟಳು ಮಾರಾಯ! ‘ಹನ್ನೊಂದು ವರ್ಷದಿಂದ ನಿನ್ ಗಂಟೆ ಸದ್ದಲ್ಲಿ ಅರ್ಧ ಮಾತು ಮುಳುಗಿಹೋಗ್ತಿದೆ ಮೈಲೋ, ಇವತ್ತು ಪೂರ್ತಿ ಕೇಳಿಸ್ಕೋತೀನಿ’ ಅಂದ್ಳು. ಮೂರೂ ಸಲ ಬಿಡ್ಲಿಲ್ಲ. ಇನ್ನೂ ಹಿಡ್ಕೊಂಡೇ ಇದಾಳೆ. ತಗೋ, ಮಾತಾಡು.”

“ಮೂರು ಸಲ!” ಎಂದಳು ಆರ್ಡಿತ್. “ಏನು ತಪ್ಪು ಮಾಡ್ದೆ?”

“ಏನೂ ಇಲ್ಲಮ್ಮ. ಚೆಂಡು ಹಿಡೀಬಹುದು ಅಂತ ಹೇಳಿದ್ರು ಅಷ್ಟೆ!” ಎಂದು ಲೈಲ್ ಕೂಗಿದ.

“ಕೊಡ್ಲಿಲ್ಲ ಅಲ್ವಾ? ನೀನು ಕೈ ಚಾಚ್ಕೊಂಡು ನಿಂತಿದ್ದೆ. ಹತ್ರ ಒಂದು ನರಪಿಳ್ಳೆ ಇರ್ಲಿಲ್ಲ.”

“ನೋಡಿದ್ರಾ?”

“ಏನು?”

“ನೋಡಿದ್ರಾ ಅಂದೆ!”

“ಇದೇನು ಕೇಳ್ತೀಯ. ನಾವು ಇನ್ನೇನು ನೋಡ್ತೀವಿ? ಚೆಂಡು ಎಲ್ಲಿತ್ತು ಅಂತ ಇಲ್ಲಿ ಒಬ್ರಿಗೂ ಗೊತ್ತಿಲ್ಲ.”

ಲೈಲ್ ಏನೋ ಹೇಳಿದ. ಅವಳಿಗೆ ಕೇಳಿಸಲಿಲ್ಲ. ಇನ್ನೂ ಗಟ್ಟಿಯಾಗಿ ಹೇಳಿದ. ಆಗಲೂ ಕೇಳಿಸಲಿಲ್ಲ. ಕಾರು ತೆಗೆಯಲು ಬಂದ ಜನ ತಿರುಗಿ ನೋಡುತ್ತಿದ್ದರು. ಅವನು ಸ್ವಲ್ಪ ಯೋಚಿಸಿ, ನೆಟ್ಟಗೆ ನಿಂತು, ಒಂದು ಕೈಯನ್ನು ಸೊಂಟಕ್ಕೊತ್ತಿ, ದನಿಯನ್ನು ಹೊಟ್ಟೆಯ ಆಳದಿಂದ ದಪ್ಪಗೆ ತೆಗೆದು ನಿಧಾನವಾಗಿ ಸಾರಿದ:

“ಎಪ್ಪತ್ನಾಲ್ಕು. ನಾಳೆ ಊಟಕ್ಕೆ ಮನೆಗೆ ಬರ್ತಿದಾನೆ.”

ಆ ಕಡೆ ಆರ್ಡಿತ್ ಮುಷ್ಟಿ ಬಿಟ್ಟಿರಬೇಕು. ಗಂಟೆ ಮೊಳಗಿತು.